ಕಾರು ವಿಮೆಯಲ್ಲಿ ಸ್ವಂತ ಗಾಯದ ರಕ್ಷಣೆ: ಕಡ್ಡಾಯವಾಗಬೇಕೇ?

ಕಾರಿನ ವಿಮಾ ಪಾಲಿಸಿಯ ಮೊದಲ ಪುಟವನ್ನು ಸಾಲು ಸಾಲಾಗಿ ಓದುವವರು ಕಡಿಮೆ. ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಮ್ಮ ಕಾರಿನಿಂದ ಬೇರೆಯವರ ದೇಹಕ್ಕೆ ಆಗುವ ಹಾನಿಗೆ ಅಲ್ಲಿ ಒಂದು ಸಾಲಿರುತ್ತದೆ, ಬೇರೆಯವರ ಆಸ್ತಿಗೆ ಆಗುವ ಹಾನಿಗೆ ಇನ್ನೊಂದು. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದ್ದರೆ ನಮ್ಮ ಕಾರಿನ ಬಾಗಿಲು, ಗಾಜು, ಎಂಜಿನ್‌ಗೆ ಸಂಬಂಧಿಸಿದ ಸಾಲೂ ಇರುತ್ತದೆ. ಆದರೆ ಸ್ಟಿಯರಿಂಗ್ ಹಿಡಿದು ಕುಳಿತವರ ಮೂಳೆ ಮುರಿದರೆ ಆಸ್ಪತ್ರೆಯ ಬಿಲ್ ಯಾರು ಕಟ್ಟಬೇಕು ಎಂಬ ಪ್ರಶ್ನೆಗೆ ಅನೇಕ ಪಾಲಿಸಿಗಳಲ್ಲಿ ಉತ್ತರವೇ ಇರುವುದಿಲ್ಲ. ಉತ್ತರ ಇರುವ ಕಡೆಯೂ ಅದು ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು ಎಂಬ ಲೆಕ್ಕದಲ್ಲಿರುತ್ತದೆ. ಈ ರಕ್ಷಣೆಯನ್ನು ಕಾನೂನು ಎಲ್ಲರಿಗೂ ಕಡ್ಡಾಯಗೊಳಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಕಡ್ಡಾಯಗೊಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದನ್ನು ಹೇಗೆ ರೂಪಿಸಲಾಗಿದೆ ಎಂಬುದನ್ನು ನೋಡದೆ ಕಡ್ಡಾಯ ಎಂಬ ಪದವೊಂದಕ್ಕೇ ತೃಪ್ತಿಪಟ್ಟರೆ ಜನರಿಗೆ ದೊಡ್ಡ ಮೋಸವಾಗುತ್ತದೆ ಎಂಬುದನ್ನು ಅಮೆರಿಕದ ಕೆಲವು ರಾಜ್ಯಗಳ ಅನುಭವ ತೋರಿಸಿಕೊಟ್ಟಿದೆ.

ಚಾಲಕರ ದೇಹ ಹೀಗೆ ಹೊರಗುಳಿದದ್ದಕ್ಕೆ ಕಾರಣ ವಾಹನ ವಿಮೆ ಕಡ್ಡಾಯವಾದ ಬಗೆಯಲ್ಲಿದೆ. ಮೋಟಾರು ವಾಹನಗಳು ರಸ್ತೆಗಿಳಿದ ಆರಂಭದ ದಶಕಗಳಲ್ಲಿ ಸರ್ಕಾರಗಳನ್ನು ಕಾಡಿದ್ದು ಕಾರಿಗೆ ಸಿಕ್ಕಿ ಗಾಯಗೊಂಡವರ ಗತಿ. ಡಿಕ್ಕಿ ಹೊಡೆದವನ ಕೈಯಲ್ಲಿ ಹಣವಿಲ್ಲದಿದ್ದರೆ ನ್ಯಾಯಾಲಯದ ತೀರ್ಪು ಗೆದ್ದೂ ಪ್ರಯೋಜನವಿರಲಿಲ್ಲ. ಆದ್ದರಿಂದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ, ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯ ಮೂಲಕ, ಬೇರೆಯವರಿಗೆ ಆಗುವ ಹಾನಿಯ ಹೊಣೆಗೆ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿದವು. ನಾವು ಇಂದು ಥರ್ಡ್ ಪಾರ್ಟಿ ವಿಮೆ ಎನ್ನುವುದು ಇದನ್ನೇ. ಅಪಘಾತದಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯೇ ಇದರ ತಳಹದಿ. ಯಾರ ತಪ್ಪಿನಿಂದ ಗಾಯವಾಯಿತೋ ಅವರ ವಿಮಾ ಕಂಪನಿ ಹಣ ಕೊಡಬೇಕು. ತಪ್ಪು ಮಾಡಿದವರಿಗೆ ತಾವೇ ಮಾಡಿಕೊಂಡ ಗಾಯಕ್ಕೆ ಈ ವಿಮೆ ಏನನ್ನೂ ಕೊಡುವುದಿಲ್ಲ.

ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ರಸ್ತೆಯಲ್ಲಿ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಹತ್ತಿರದಿಂದ ನೋಡೋಣ. ಮರಗೆಲಸ ಮಾಡುವ ಒಬ್ಬರು ಕಾರು ಓಡಿಸುತ್ತಿದ್ದಾರೆ, ಪಕ್ಕದಲ್ಲಿ ಹೆಂಡತಿ ಕುಳಿತಿದ್ದಾರೆ. ಮಳೆ ಬಿದ್ದು ಒದ್ದೆಯಾದ ತಿರುವಿನಲ್ಲಿ ಚಕ್ರ ಜಾರಿ ಕಾರು ಕಂಬಕ್ಕೆ ಬಡಿಯುತ್ತದೆ. ಇನ್ನೊಂದು ವಾಹನವೇ ಇಲ್ಲ. ಗಂಡನ ಬಲ ಮೊಣಕೈ ಮುರಿದಿದೆ, ಹೆಂಡತಿಯ ಕುತ್ತಿಗೆಗೆ ಪೆಟ್ಟಾಗಿದೆ. ಅಲ್ಲಿಂದ ಮುಂದೆ ಆಂಬುಲೆನ್ಸ್, ತುರ್ತು ಚಿಕಿತ್ಸಾ ವಿಭಾಗ, ಎಕ್ಸ್-ರೇ, ಮೂಳೆಗೆ ಪ್ಲೇಟು ಮತ್ತು ಸ್ಕ್ರೂ ಕೂರಿಸುವ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಫಿಸಿಯೊಥೆರಪಿ. ಎರಡು ತಿಂಗಳು ಅವರು ಉಳಿ, ಸುತ್ತಿಗೆ ಮುಟ್ಟುವಂತಿಲ್ಲ, ಕೆಲಸವಿಲ್ಲದೆ ಸಂಬಳವೂ ಇಲ್ಲ. ಬೇರೆಯವರ ಹಾನಿಗಷ್ಟೇ ವಿಮೆ ಮಾಡಿಸಿರುವ ಕಡೆ ಈ ಗಂಡನಿಗೆ ಕಾರಿನ ವಿಮೆಯಿಂದ ಬಿಡಿಗಾಸೂ ಸಿಗುವುದಿಲ್ಲ. ಹೆಂಡತಿಯ ಸ್ಥಿತಿ ಇನ್ನೂ ವಿಚಿತ್ರ. ಆಕೆಗೆ ಪರಿಹಾರ ಬೇಕೆಂದರೆ ತನ್ನ ಗಂಡ ನಿರ್ಲಕ್ಷ್ಯದಿಂದ ಕಾರು ಓಡಿಸಿದನೆಂದು ಆಕೆಯೇ ಸಾಧಿಸಬೇಕು.

ಇನ್ನೊಂದು ವಾಹನ ಇದ್ದು, ತಪ್ಪು ಅದರದ್ದೇ ಆಗಿದ್ದರೂ ಕಷ್ಟ ಪೂರ್ತಿ ತಪ್ಪುವುದಿಲ್ಲ. ಪೊಲೀಸ್ ವರದಿ ಬರಬೇಕು, ಸಾಕ್ಷಿಗಳು ಹೇಳಿಕೆ ಕೊಡಬೇಕು, ಎರಡು ಕಂಪನಿಗಳು ತಪ್ಪಿನ ಪಾಲಿನ ಬಗ್ಗೆ ವಾದಿಸಬೇಕು, ಒಪ್ಪಂದವಾಗದಿದ್ದರೆ ದಾವೆ ಹೂಡಬೇಕು. ಮೊಣಕೈ ಅಷ್ಟು ದಿನ ಕಾಯುವುದಿಲ್ಲ. ಮುರಿದ ಕೀಲಿಗೆ ಸಕಾಲದಲ್ಲಿ ಚಿಕಿತ್ಸೆ, ಅದಾದ ಮೇಲೆ ಬಿಡದೆ ವ್ಯಾಯಾಮ ಸಿಗದಿದ್ದರೆ ಅದು ಬಿಗಿದುಕೊಳ್ಳುತ್ತದೆ. ಹಣಕ್ಕೆ ಕಾಯುವ ಅನಿವಾರ್ಯತೆ ಎಷ್ಟು ಜನರನ್ನು ಸಿಕ್ಕಷ್ಟಕ್ಕೆ ಒಪ್ಪಂದ ಮಾಡಿಕೊಳ್ಳುವಂತೆ ಮಾಡುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾವ ವಕೀಲರಿಗೂ ಗೊತ್ತಿರುವ ವಿಷಯ.

ಈ ದೋಷವನ್ನು ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಮಿತಿಯೊಂದು 1932ರಲ್ಲಿಯೇ, ಕಾರ್ಖಾನೆಯಲ್ಲಿ ಗಾಯಗೊಂಡ ಕಾರ್ಮಿಕರಿಗೆ ತಪ್ಪಿನ ವಿಚಾರಣೆಯಿಲ್ಲದೆ ಪರಿಹಾರ ಕೊಡುವಂತೆ ರಸ್ತೆಯಲ್ಲಿ ಗಾಯಗೊಂಡವರಿಗೂ ಕೊಡಬೇಕೆಂದು ಸೂಚಿಸಿತು. ಕೆನಡಾದ ಸಸ್ಕಾಚೆವಾನ್ ಪ್ರಾಂತ 1946ರಲ್ಲಿ ಇಂಥ ಯೋಜನೆಯನ್ನು ಜಾರಿಗೆ ತಂದಿತು. 1965ರಲ್ಲಿ ರಾಬರ್ಟ್ ಕೀಟನ್ ಮತ್ತು ಜೆಫ್ರಿ ಒಕಾನೆಲ್ ಎಂಬ ಕಾನೂನು ಪ್ರಾಧ್ಯಾಪಕರು ಇದಕ್ಕೊಂದು ಪೂರ್ಣ ರೂಪರೇಷೆ ಕೊಟ್ಟರು. ಗಾಯಗೊಂಡವರು ಮೊದಲು ತಮ್ಮದೇ ವಿಮಾ ಕಂಪನಿಯಿಂದ ಚಿಕಿತ್ಸೆಯ ವೆಚ್ಚ ಮತ್ತು ಕಳೆದುಕೊಂಡ ಸಂಬಳವನ್ನು ಪಡೆಯಬೇಕು, ಯಾರ ತಪ್ಪು ಎಂಬ ಪ್ರಶ್ನೆ ಆ ಹಂತದಲ್ಲಿ ಏಳಲೇಬಾರದು ಎಂಬುದು ಅದರ ತಿರುಳು. 1971ರ ಜನವರಿಯಿಂದ ಮ್ಯಾಸಚೂಸೆಟ್ಸ್ ಇದನ್ನು ಅಳವಡಿಸಿಕೊಂಡಿತು, ಆ ದಶಕದಲ್ಲಿ ಇನ್ನೂ ಹಲವು ರಾಜ್ಯಗಳು ಹಿಂಬಾಲಿಸಿದವು. ಇಂದು ಸುಮಾರು ಹನ್ನೆರಡು ರಾಜ್ಯಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ.

ಈ ರಕ್ಷಣೆ ನಿತ್ಯ ಬಳಕೆಯಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯ ಒಳ್ಳೆಯ ಉದಾಹರಣೆ. ಅಲ್ಲಿ 1974ರಿಂದ ಇದು ಕಡ್ಡಾಯ. ಕಾರಿನ ಚಾಲಕರು, ಪ್ರಯಾಣಿಕರು ಮತ್ತು ಕಾರು ತಗುಲಿದ ಪಾದಚಾರಿಗಳು, ಪ್ರತಿಯೊಬ್ಬರಿಗೂ ಕನಿಷ್ಠ 50,000 ಡಾಲರ್ ವರೆಗೆ ರಕ್ಷಣೆ ಇದೆ. ಅದರಲ್ಲಿ ಚಿಕಿತ್ಸೆಯ ವೆಚ್ಚವೂ, ಕಳೆದುಕೊಂಡ ಸಂಬಳದ ಶೇ. 80ರಷ್ಟು ಪಾಲು ತಿಂಗಳಿಗೆ 2,000 ಡಾಲರ್ ಮೀರದಂತೆ ಮೂರು ವರ್ಷಗಳವರೆಗೂ, ಮನೆಗೆಲಸಕ್ಕೆ ನೆರವು ಪಡೆಯುವಂಥ ಇತರ ಖರ್ಚಿಗೆ ದಿನಕ್ಕೆ 25 ಡಾಲರ್ ವರೆಗೆ ಒಂದು ವರ್ಷದ ಮಟ್ಟಿಗೂ ಸೇರಿವೆ. ಅಪಘಾತವಾದ 30 ದಿನಗಳೊಳಗೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ದಾಖಲೆಗಳು ತಲುಪಿದ 30 ದಿನಗಳೊಳಗೆ ಕಂಪನಿ ಹಣ ಕೊಡಬೇಕು, ತಡವಾದರೆ ತಿಂಗಳಿಗೆ ಶೇ. 2ರ ಬಡ್ಡಿ ತೆರಬೇಕು. ಕುಡಿದು ಓಡಿಸಿ ಗಾಯ ಮಾಡಿಕೊಂಡವರಿಗೆ ತುರ್ತು ಚಿಕಿತ್ಸೆಯ ಹೊರತು ಉಳಿದ ಸೌಲಭ್ಯವನ್ನು ನಿರಾಕರಿಸಲು ಕಂಪನಿಗೆ ಅವಕಾಶವಿದೆ. ನಮ್ಮ ಮರಗೆಲಸದವರು ಅಲ್ಲಿದ್ದಿದ್ದರೆ ಮೊಣಕೈ ಶಸ್ತ್ರಚಿಕಿತ್ಸೆಯ ಬಿಲ್ ನೇರವಾಗಿ ಅವರ ಕಾರಿನ ವಿಮಾ ಕಂಪನಿಗೆ ಹೋಗುತ್ತಿತ್ತು. ಹೆಂಡತಿ ಗಂಡನ ಮೇಲೆ ಒಂದು ಮಾತನ್ನೂ ಹೇಳದೆ ಕುತ್ತಿಗೆಗೆ ಚಿಕಿತ್ಸೆ ಪಡೆಯುತ್ತಿದ್ದರು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಕಡ್ಡಾಯವನ್ನು ವಿರೋಧಿಸುವವರ ಸಿಟ್ಟಿನ ದೊಡ್ಡ ಪಾಲು ಇದರಿಂದಲೇ ಹುಟ್ಟುತ್ತದೆ. ಸ್ವಂತ ಗಾಯದ ರಕ್ಷಣೆ ಒಂದು ವಿಷಯ, ದಾವೆ ಹೂಡುವ ಹಕ್ಕನ್ನು ಮಿತಗೊಳಿಸುವುದು ಇನ್ನೊಂದು ವಿಷಯ. ಹಲವು ರಾಜ್ಯಗಳು ಇವೆರಡನ್ನೂ ಒಟ್ಟಿಗೆ ಕಟ್ಟಿದವು. ತಪ್ಪಿನ ಪ್ರಶ್ನೆಯಿಲ್ಲದೆ ಹಣ ಬೇಗ ಸಿಗುತ್ತದೆ, ಅದಕ್ಕೆ ಬದಲಾಗಿ ಸಣ್ಣಪುಟ್ಟ ಗಾಯಗಳ ನೋವು, ಸಂಕಟಕ್ಕೆ ಎದುರಿನವರ ಮೇಲೆ ದಾವೆ ಹೂಡುವಂತಿಲ್ಲ ಎಂಬ ಕೊಡುಕೊಳ್ಳುವಿಕೆ ಅದು. ಗಂಭೀರ ಗಾಯವೆಂದರೆ ಯಾವುದು ಎಂಬುದನ್ನು ನ್ಯೂಯಾರ್ಕ್ ಕಾಯ್ದೆ ಮೂಳೆ ಮುರಿತ, ಅಂಗ ನಷ್ಟ, ಸಾವು ಮುಂತಾಗಿ ಮಾತಿನಲ್ಲೇ ಪಟ್ಟಿ ಮಾಡಿದೆ. ಮ್ಯಾಸಚೂಸೆಟ್ಸ್ ಅಂಥ ಗಾಯಗಳ ಜೊತೆಗೆ ಚಿಕಿತ್ಸೆಯ ವೆಚ್ಚ 2,000 ಡಾಲರ್ ದಾಟಿದರೂ ದಾವೆ ಹೂಡಬಹುದೆಂಬ ಹಣದ ಗೆರೆಯನ್ನೂ ಎಳೆಯಿತು. ಹಣದ ಗೆರೆ ಎಳೆದಲ್ಲೆಲ್ಲ ಅದನ್ನು ದಾಟುವವರೆಗೆ ಬಿಲ್ ಬೆಳೆಸುವ ಆಮಿಷ ಹುಟ್ಟುತ್ತದೆ, ಆದ್ದರಿಂದ ಮಾತಿನ ಗೆರೆಯೇ ಮೇಲು ಎಂದು ನನಗನಿಸುತ್ತದೆ. ಆದರೆ ಎರಡನ್ನೂ ಕಟ್ಟಲೇಬೇಕೆಂಬ ನಿಯಮವೇನಿಲ್ಲ. ಆರೆಗನ್ ರಾಜ್ಯದಲ್ಲಿ 15,000 ಡಾಲರ್ ವರೆಗಿನ ಚಿಕಿತ್ಸಾ ವೆಚ್ಚದ ರಕ್ಷಣೆ ಕಡ್ಡಾಯ, ಆದರೂ ದಾವೆಯ ಹಕ್ಕಿಗೆ ಅಲ್ಲಿ ಕತ್ತರಿ ಬಿದ್ದಿಲ್ಲ. ಡೆಲವೇರ್ ಕೂಡ ಇದೇ ದಾರಿ ಹಿಡಿದಿದೆ. ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ ಎಂಬ ಕಾರಣಕ್ಕೆ ಈ ರಕ್ಷಣೆಯನ್ನೇ ಬೇಡವೆನ್ನುವವರು ಈ ಎರಡು ರಾಜ್ಯಗಳನ್ನು ಗಮನಿಸಬೇಕು.

ನನ್ನ ದೇಹ ನನ್ನದು, ಅದರ ಅಪಾಯವನ್ನು ನಾನೇ ಹೊರುತ್ತೇನೆ, ಅದಕ್ಕೆ ವಿಮೆ ಮಾಡಿಸು ಎಂದು ಹೇಳಲು ಸರ್ಕಾರ ಯಾರು ಎಂಬ ಆಕ್ಷೇಪ ತೂಕವುಳ್ಳದ್ದು, ಅದನ್ನು ತಳ್ಳಿಹಾಕಬಾರದು. ಆದರೆ ಆ ಅಪಾಯ ನಿಜವಾಗಿಯೂ ಒಬ್ಬರ ಬಳಿಯೇ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು. ಪ್ರಜ್ಞೆ ತಪ್ಪಿ ಬಂದವರಿಗೆ ಯಾವ ಒಳ್ಳೆಯ ತುರ್ತು ವಿಭಾಗವೂ ಮೊದಲು ಚಿಕಿತ್ಸೆ ಕೊಡುತ್ತದೆ, ಹಣದ ಮಾತನ್ನು ಆಮೇಲೆ ಆಡುತ್ತದೆ. ಆ ಬಿಲ್ ಕಟ್ಟಲಾಗದೆ ಹೋದಾಗ ಅದು ಮಾಯವಾಗುವುದಿಲ್ಲ, ಆಸ್ಪತ್ರೆಯ ಇತರ ರೋಗಿಗಳ ದರಕ್ಕೋ ಸಾರ್ವಜನಿಕ ಬೊಕ್ಕಸಕ್ಕೋ ವರ್ಗವಾಗುತ್ತದೆ. ಇನ್ನು ಪಕ್ಕದ ಸೀಟಿನಲ್ಲಿ ಕುಳಿತವರಂತೂ ಯಾವ ಪಾಲಿಸಿಯನ್ನೂ ಆರಿಸಿದವರಲ್ಲ. ಕಾರಿನ ಮಾಲೀಕರು ಪ್ರೀಮಿಯಂ ಉಳಿಸಲು ಒಂದು ಸಾಲನ್ನು ಹೊಡೆದುಹಾಕಿದರೆ ಅದರ ಫಲವನ್ನು ಮನೆಯ ಮಕ್ಕಳು, ಲಿಫ್ಟ್ ಕೇಳಿ ಹತ್ತಿದ ಸ್ನೇಹಿತರು ಅನುಭವಿಸುತ್ತಾರೆ. ನನ್ನ ಮಟ್ಟಿಗೆ ಕಡ್ಡಾಯದ ಪರವಾಗಿರುವ ಅತ್ಯಂತ ಗಟ್ಟಿ ವಾದ ಇದೇ.

ಕೊಲರಾಡೊ ರಾಜ್ಯದ ಅನುಭವ ಈ ಹಿನ್ನೆಲೆಯಲ್ಲಿ ಗಮನಾರ್ಹ. ಅಲ್ಲಿ 1974ರಿಂದ ಇದ್ದ ಕಡ್ಡಾಯ ರಕ್ಷಣೆ, ಪ್ರೀಮಿಯಂ ವಿಪರೀತ ಏರಿತೆಂಬ ದೂರಿನ ನಡುವೆ, 2003ರ ಜುಲೈ 1ರಂದು ಕೊನೆಗೊಂಡಿತು. ಪ್ರೀಮಿಯಂ ಇಳಿಯಿತು, ಅದು ನಿಜ. ಆದರೆ ಆಂಬುಲೆನ್ಸ್ ಸೇವೆಗಳಿಗೆ, ಅಪಘಾತದ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೆ ಬರಬೇಕಾದ ಹಣ ನಿಂತುಹೋದಾಗ ಶಾಸನಸಭೆ ಮತ್ತೆ ಮಧ್ಯಪ್ರವೇಶಿಸಬೇಕಾಯಿತು. 2009ರಿಂದ ಅಲ್ಲಿನ ಪಾಲಿಸಿಗಳಲ್ಲಿ 5,000 ಡಾಲರ್‌ನ ಚಿಕಿತ್ಸಾ ವೆಚ್ಚದ ರಕ್ಷಣೆ ತಾನಾಗಿಯೇ ಸೇರಿರುತ್ತದೆ, ಬೇಡವೆನ್ನುವವರು ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು. ಪೂರ್ತಿ ಕಿತ್ತುಹಾಕಿದ ರಾಜ್ಯವೇ ಆರು ವರ್ಷಗಳ ಬಳಿಕ ಅರ್ಧ ದಾರಿ ಹಿಂದಿರುಗಿತು.

ಆರೋಗ್ಯ ವಿಮೆ ಇರುವವರು ಒಂದೇ ಗಾಯಕ್ಕೆ ಎರಡು ಬಾರಿ ಪ್ರೀಮಿಯಂ ಕಟ್ಟಿದಂತಾಗುತ್ತದೆ ಎಂಬ ದೂರಿಗೆ ಪರಿಹಾರ ಸುಲಭ. ಮ್ಯಾಸಚೂಸೆಟ್ಸ್‌ನಲ್ಲಿ ಒಟ್ಟು ರಕ್ಷಣೆ 8,000 ಡಾಲರ್ ಇದ್ದರೂ, ಗಾಯಗೊಂಡವರಿಗೆ ಆರೋಗ್ಯ ವಿಮೆ ಇದ್ದರೆ ಚಿಕಿತ್ಸೆಯ ಮೊದಲ 2,000 ಡಾಲರ್ ಕಾರಿನ ವಿಮೆಯಿಂದ, ಅದರಾಚೆಯದು ಆರೋಗ್ಯ ವಿಮೆಯಿಂದ ಹೋಗುವಂತೆ ವ್ಯವಸ್ಥೆಯಿದೆ. ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ ಕಟ್ಟುತ್ತದೆಯೇ ಹೊರತು ಕಳೆದುಹೋದ ಸಂಬಳವನ್ನು ಕೊಡುವುದಿಲ್ಲ ಎಂಬುದನ್ನೂ ಮರೆಯಬಾರದು.

ನಿಜವಾಗಿ ಚಿಂತೆಗೀಡುಮಾಡುವ ಆಕ್ಷೇಪ ವೆಚ್ಚದ್ದು. ಕಡ್ಡಾಯ ರಕ್ಷಣೆ ದುಬಾರಿಯಾದರೆ ಬಡವರು ವಿಮೆಯನ್ನೇ ಬಿಟ್ಟು ಕಾರು ಓಡಿಸುತ್ತಾರೆ, ಆಗ ಇದ್ದ ಥರ್ಡ್ ಪಾರ್ಟಿ ರಕ್ಷಣೆಯೂ ಹೋಗುತ್ತದೆ. ಮಿಷಿಗನ್ ರಾಜ್ಯದಲ್ಲಿ ಆದದ್ದು ಇದೇ. ಅಲ್ಲಿ 1973ರಿಂದ ಕಾರಿನ ಅಪಘಾತದಲ್ಲಿ ಗಾಯಗೊಂಡವರಿಗೆ ಜೀವನಪರ್ಯಂತ, ಮಿತಿಯೇ ಇಲ್ಲದೆ ಚಿಕಿತ್ಸೆಯ ವೆಚ್ಚ ಸಿಗುತ್ತಿತ್ತು. ಬೆನ್ನುಹುರಿ ಮುರಿದವರಿಗೆ, ಮಿದುಳಿಗೆ ಪೆಟ್ಟು ಬಿದ್ದವರಿಗೆ ಮನೆಯಲ್ಲೇ ಹಗಲು ರಾತ್ರಿ ಶುಶ್ರೂಷೆ ಒದಗಿಸಿದ, ಮಾನವೀಯತೆಯಲ್ಲಿ ಅಮೆರಿಕದ ಇತರ ರಾಜ್ಯಗಳನ್ನು ಮೀರಿಸಿದ ವ್ಯವಸ್ಥೆ ಅದು. ಆದರೆ ಒಂದೇ ಚಿಕಿತ್ಸೆಗೆ ಆಸ್ಪತ್ರೆಗಳು ಕಾರು ವಿಮೆಯಿಂದ ವಸೂಲು ಮಾಡುತ್ತಿದ್ದ ದರಕ್ಕೆ ಕಡಿವಾಣವಿರಲಿಲ್ಲ. ಮಿಷಿಗನ್‌ನ ಪ್ರೀಮಿಯಂ ವರ್ಷಗಟ್ಟಲೆ ದೇಶದಲ್ಲೇ ಅತಿ ಹೆಚ್ಚಿನದಾಗಿತ್ತು, ಡೆಟ್ರಾಯಿಟ್ ನಗರದಲ್ಲಿ ವಿಮೆಯಿಲ್ಲದೆ ಓಡಾಡುವ ಕಾರುಗಳು ದೊಡ್ಡ ಸಮಸ್ಯೆಯಾದವು. 2019ರ ಸುಧಾರಣೆಯ ಬಳಿಕ, 2020ರ ಜುಲೈಯಿಂದ, ಜನರು ಮಿತಿಯಿಲ್ಲದ ರಕ್ಷಣೆ, 5,00,000 ಡಾಲರ್, 2,50,000 ಡಾಲರ್ ಇತ್ಯಾದಿ ಹಂತಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾಯಿತು. 2021ರಲ್ಲಿ ಆಸ್ಪತ್ರೆ ಮತ್ತು ಶುಶ್ರೂಷೆಯ ದರಗಳನ್ನು ಕಾಯ್ದೆಯೇ ಇಳಿಸಿತು. ಆ ಕಡಿತ ಹಳೆಯ ಗಾಯಾಳುಗಳಿಗೂ ತಗುಲಿ, ಹಲವರ ಮನೆಗೆ ಬರುತ್ತಿದ್ದ ಶುಶ್ರೂಷಕರು ನಿಂತುಹೋದರು. ಸುಧಾರಣೆಗೆ ಮೊದಲು ಗಾಯಗೊಂಡವರಿಗೆ ಈ ಕಡಿತ ಅನ್ವಯಿಸುವುದಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ದರಪಟ್ಟಿ ಮೊದಲ ದಿನದಿಂದಲೇ ಇದ್ದಿದ್ದರೆ ಪ್ರೀಮಿಯಂ ಆ ಮಟ್ಟಕ್ಕೆ ಏರುತ್ತಲೂ ಇರಲಿಲ್ಲ, ಹಾಸಿಗೆ ಹಿಡಿದವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಯೂ ಇರಲಿಲ್ಲ ಎಂಬುದು ಈ ಪ್ರಕರಣವನ್ನು ನೋಡಿದಾಗ ನನಗೆ ಮೂಡುವ ನೋವಿನ ಭಾವನೆ.

ಫ್ಲಾರಿಡಾದ್ದು ಇದಕ್ಕೆ ತದ್ವಿರುದ್ಧ ಕಥೆ. ಅಲ್ಲಿ 1972ರಿಂದ ರಕ್ಷಣೆ ಕಡ್ಡಾಯ, ಆದರೆ ಅದರ ಮಿತಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ 10,000 ಡಾಲರ್‌ನಲ್ಲೇ ನಿಂತಿದೆ. ಚಿಕಿತ್ಸೆಯ ವೆಚ್ಚದ ಶೇ. 80, ಕಳೆದ ಸಂಬಳದ ಶೇ. 60 ಎಲ್ಲವೂ ಆ ಮೊತ್ತದೊಳಗೇ ಹೊಂದಬೇಕು. ನಮ್ಮ ಮರಗೆಲಸದವರ ಮೊಣಕೈಗೆ ಪ್ಲೇಟು ಕೂರಿಸುವಷ್ಟರಲ್ಲಿ ಆ ಹಣ ಮುಗಿದಿರುತ್ತದೆ, ಸಂಬಳದ ಮಾತು ಬರುವುದೇ ಇಲ್ಲ. ಇಷ್ಟು ಸಾಲದೆಂಬಂತೆ, ಬೇಕೆಂದೇ ಡಿಕ್ಕಿ ಮಾಡಿಸಿ ನಕಲಿ ಕ್ಲಿನಿಕ್‌ಗಳ ಮೂಲಕ ಹಣ ಎತ್ತುವ ಜಾಲಗಳು ಅಲ್ಲಿ ಬೆಳೆದವು. ಅದನ್ನು ತಡೆಯಲು 2012ರಲ್ಲಿ ಮಾಡಿದ ಕಾಯ್ದೆ, ಅಪಘಾತವಾದ 14 ದಿನಗಳೊಳಗೆ ವೈದ್ಯರನ್ನು ಕಾಣದವರಿಗೆ ಚಿಕಿತ್ಸೆಯ ಹಣವಿಲ್ಲ, ತುರ್ತು ಸ್ವರೂಪದ ಗಾಯವೆಂದು ವೈದ್ಯರು ದೃಢೀಕರಿಸದಿದ್ದರೆ 2,500 ಡಾಲರ್‌ಗಿಂತ ಹೆಚ್ಚಿಲ್ಲ ಎಂದು ವಿಧಿಸಿತು. ವಂಚಕರು ಎರಡನೆಯ ದಿನವೇ ಕ್ಲಿನಿಕ್‌ಗೆ ಹೋಗುತ್ತಾರೆ. ಇದು ತಾನಾಗಿಯೇ ಕಡಿಮೆಯಾಗುವ ನೋವೆಂದು ಮಾತ್ರೆ ನುಂಗಿ ಮೂರು ವಾರ ಕೆಲಸಕ್ಕೆ ಹೋದ ಪ್ರಾಮಾಣಿಕರೇ ಈ ನಿಯಮಕ್ಕೆ ಬಲಿಯಾಗುವ ಸಾಧ್ಯತೆ ಹೆಚ್ಚು. 2021ರಲ್ಲಿ ಶಾಸನಸಭೆ ಈ ಇಡೀ ವ್ಯವಸ್ಥೆಯನ್ನೇ ರದ್ದುಪಡಿಸುವ ಮಸೂದೆಯನ್ನು ಅಂಗೀಕರಿಸಿತು, ರಾಜ್ಯಪಾಲರು ಅದನ್ನು ತಡೆಹಿಡಿದರು.

ಮಿಷಿಗನ್ ಮತ್ತು ಫ್ಲಾರಿಡಾಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣುವುದು ಇಷ್ಟು: ಒಂದು ಕಡೆ ಮಿತಿಯೂ ಇರಲಿಲ್ಲ, ದರಪಟ್ಟಿಯೂ ಇರಲಿಲ್ಲ. ಇನ್ನೊಂದು ಕಡೆ ಮಿತಿ ಇತ್ತು, ಅದು ಕಾಲದೊಂದಿಗೆ ಬೆಳೆಯಲಿಲ್ಲ. ಕಾಯ್ದೆಯಲ್ಲಿ ಡಾಲರ್ ಮೊತ್ತವನ್ನು ಬರೆದು ಬಿಟ್ಟರೆ ಅದನ್ನು ಬದಲಿಸಲು ಪ್ರತಿ ಬಾರಿಯೂ ಶಾಸನಸಭೆಯಲ್ಲಿ ಹೋರಾಡಬೇಕಾಗುತ್ತದೆ. ಮಿತಿಯನ್ನು ವೈದ್ಯಕೀಯ ವೆಚ್ಚದ ಸೂಚ್ಯಂಕಕ್ಕೆ ಜೋಡಿಸಿದರೆ ಆ ಹೋರಾಟದ ಅಗತ್ಯವೇ ಬೀಳುವುದಿಲ್ಲ.

ಖಾಸಗಿ ವಿಮೆಯ ಚೌಕಟ್ಟನ್ನೇ ಬಿಟ್ಟು ಹೊರಬಂದ ದೇಶಗಳೂ ಇವೆ. ನ್ಯೂಜಿಲೆಂಡ್‌ನಲ್ಲಿ ನ್ಯಾಯಮೂರ್ತಿ ಓವನ್ ವುಡ್‌ಹೌಸ್ ಆಯೋಗದ 1967ರ ವರದಿಯ ಫಲವಾಗಿ 1974ರ ಏಪ್ರಿಲ್ 1ರಿಂದ ಎಲ್ಲ ಬಗೆಯ ಅಪಘಾತಗಳಿಗೂ ಸರ್ಕಾರಿ ಸಂಸ್ಥೆಯೊಂದೇ ಚಿಕಿತ್ಸೆ ಮತ್ತು ಸಂಬಳದ ಶೇ. 80ರಷ್ಟನ್ನು ಕೊಡುತ್ತದೆ, ರಸ್ತೆ ಗಾಯಗಳ ಪಾಲಿನ ಹಣ ಪೆಟ್ರೋಲ್ ಮೇಲಿನ ಸುಂಕ ಮತ್ತು ವಾಹನ ಪರವಾನಗಿ ಶುಲ್ಕದಿಂದ ಬರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ 1978ರಿಂದ ದೇಹಕ್ಕೆ ಆಗುವ ಗಾಯವನ್ನು ಸರ್ಕಾರಿ ಸಂಸ್ಥೆಗೆ, ಕಾರಿಗೆ ಆಗುವ ಹಾನಿಯನ್ನು ಖಾಸಗಿ ಕಂಪನಿಗಳಿಗೆ ಹಂಚಿದೆ. ಸ್ವೀಡನ್‌ನಲ್ಲಿ 1976ರಿಂದ ಕಾರಿನ ಕಡ್ಡಾಯ ವಿಮೆಯೇ ಚಾಲಕರನ್ನೂ ಒಳಗೊಂಡಿದೆ. ಫ್ರಾನ್ಸ್ 1985ರ ಕಾಯ್ದೆಯಲ್ಲಿ ಪಾದಚಾರಿ, ಸೈಕಲ್ ಸವಾರ ಮತ್ತು ಪ್ರಯಾಣಿಕರಿಗೆ ಬಹಳ ಉದಾರವಾದ ರಕ್ಷಣೆ ಕೊಟ್ಟರೂ ತಪ್ಪು ಮಾಡಿದ ಚಾಲಕರನ್ನು ಹೊರಗೇ ಉಳಿಸಿತು, ಅವರು ಬೇರೆಯಾಗಿ ಐಚ್ಛಿಕ ವಿಮೆ ಕೊಳ್ಳಬೇಕು.

ಭಾರತದ ಕಾಯ್ದೆಯಲ್ಲಿ ಈ ಅಂತರ ಇನ್ನೊಂದು ರೂಪ ತಾಳಿದೆ. ಮಾಲೀಕ-ಚಾಲಕರಿಗೆ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆಯ ಮೊತ್ತವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅದು ಸಾವು, ಅಂಗ ಅಥವಾ ದೃಷ್ಟಿ ನಷ್ಟ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಸೀಮಿತ. ಮುರಿದು ಮತ್ತೆ ಕೂಡಿಕೊಳ್ಳುವ ಮೊಣಕೈಯ ಆಸ್ಪತ್ರೆ ಬಿಲ್, ಎರಡು ತಿಂಗಳ ಸಂಬಳ ಅದರಲ್ಲಿಲ್ಲ. 2025ರಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಮೊದಲ ಏಳು ದಿನಗಳಿಗೆ 1.5 ಲಕ್ಷ ರೂಪಾಯಿ ವರೆಗಿನ ಚಿಕಿತ್ಸೆಯನ್ನು ತಪ್ಪು ಯಾರದೆಂದು ನೋಡದೆ ಒದಗಿಸುವುದರಿಂದ ಆ ಅಂತರದ ಒಂದು ಭಾಗ ತುಂಬುತ್ತದೆ.

ಕಡ್ಡಾಯ ಮತ್ತು ಐಚ್ಛಿಕ ಎಂಬ ಎರಡರ ನಡುವೆ ಒಂದು ಮೂರನೆಯ ದಾರಿಯೂ ಇದೆ. ಟೆಕ್ಸಾಸ್‌ನಲ್ಲಿ ಪ್ರತಿ ಪಾಲಿಸಿಯ ಜೊತೆ 2,500 ಡಾಲರ್‌ನ ಸ್ವಂತ ಗಾಯದ ರಕ್ಷಣೆಯನ್ನು ಕಂಪನಿ ಕೊಡಮಾಡಲೇಬೇಕು, ಬೇಡವೆನ್ನುವವರು ಬರೆದು ಸಹಿ ಮಾಡಬೇಕು. ಜನರ ಆಯ್ಕೆಯನ್ನು ಗೌರವಿಸುವ ಕ್ರಮವೆಂದು ಇದನ್ನು ಹೊಗಳುವವರಿದ್ದಾರೆ. ಆದರೆ ಆ ಸಹಿ ಬೀಳುವ ಗಳಿಗೆಯನ್ನು ಗಮನಿಸಬೇಕು. ಹೊಸ ಕಾರಿನ ಕಾಗದಪತ್ರಗಳ ಕಂತೆಯಲ್ಲಿ, ಸಾಲದ ಪತ್ರ, ನೋಂದಣಿ ಅರ್ಜಿಗಳ ನಡುವೆ, ಇಲ್ಲಿ ಸಹಿ ಹಾಕಿ ಎಂದು ಬೆರಳು ತೋರಿಸಿದ ಕಡೆಯಲ್ಲೆಲ್ಲ ಜನ ಸಹಿ ಹಾಕುತ್ತಾರೆ. ಏನನ್ನು ಬಿಟ್ಟುಕೊಟ್ಟೆವು ಎಂಬುದು ಗೊತ್ತಾಗುವುದು ಆಸ್ಪತ್ರೆಯ ಕೌಂಟರ್ ಮುಂದೆ ನಿಂತಾಗ. ಅಂಥ ಕಾನೂನಿರುವ ಕಡೆ ಕಾರು ಓಡಿಸುವವರು ಅಪಘಾತವಾದ ಮೇಲೆ, ನಿಮ್ಮ ಪಾಲಿಸಿಯಲ್ಲಿ ಆ ರಕ್ಷಣೆ ಇಲ್ಲ ಎಂಬ ಕಂಪನಿಯ ಮಾತನ್ನು ಹಾಗೆಯೇ ಒಪ್ಪಿಕೊಳ್ಳದೆ, ತಾವು ನಿರಾಕರಿಸಿ ಸಹಿ ಮಾಡಿದ ಕಾಗದವನ್ನು ತೋರಿಸುವಂತೆ ಕೇಳಬೇಕು. ಆ ಕಾಗದ ಇಲ್ಲದಿದ್ದರೆ ಟೆಕ್ಸಾಸ್ ಕಾನೂನಿನ ಪ್ರಕಾರ ರಕ್ಷಣೆ ಪಾಲಿಸಿಯೊಳಗೆ ಇದ್ದಂತೆಯೇ.